ಸುಮ್ಮನೆ ನಡೆದವರ ಸುದ್ದಿ

ಮೈಸೂರು ರಾಜ್ಯ ಕರ್ನಾಟಕವಾದ ವರ್ಷ ಚಿತ್ತಾಪುರದ ಗುಮಾಸ್ತ ಬಸವಂತರಾಯರೂ ಬದಲಾಗಲು ನಿಶ್ಚಯಿಸಿದರು. "ನಾ ನಡದಿದ್ದಕ್ಕ ಓಣ್ಯಾಗಿನ ಹಾಸಗಲ್ಲ ಸವೀಬೇಕು, ನೋಡ್ತಿರು!" ಎಂದು ಹೆಂಡತಿ ಸೂಗಮ್ಮನ ಮುಂದೆ ಸಾರಿದರು.

ರಾಯರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಂದಿನಿಂದ ಸೂಗಮ್ಮನಿಗೆ ಊಟ ಸೇರುತ್ತಿರಲಿಲ್ಲ. ಅವಳಪ್ಪ ಇದೇ ರೋಗಕ್ಕೆ ಮೊದಲು ಕಾಲು, ಆಮೇಲೆ ಜೀವ ಕೊಟ್ಟವನು. ನಡೆಯದಿದ್ದರೆ ಮಾವನ ಹಿಂದೆಯೇ ಹೋಗುತ್ತೀರಿ ಎಂದು ಡಾಕ್ಟರು ರಾಯರಿಗೆ ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಆದರೆ ನಡೆಯಲು ಓಣಿ ಬಿಡಬೇಕಲ್ಲ! ಮನೆಗೊಂದು ಕಟ್ಟೆ, ಕಟ್ಟೆಗೊಂದು ಬಾಯಿ. ಸುಮ್ಮನೆ ನಡೆಯಲು ಹೊರಟಿದ್ದೇನೆಂದರೆ ಯಾರೂ ನಂಬರು. ಮುಂಜಾನೆ ತಂಬಿಗೆಯಿಲ್ಲದೆ ಬಯಲಕಡೆ ಹೊರಟ ಗಂಡಸನ್ನು ಆ ಓಣಿ ಕಂಡಿರಲಿಲ್ಲ. ಚಾ ಕುಡಿಯದೆ ಹೋದರೆ ನಮ್ಮಾಣೆ ಎಂದು ಕೂರಿಸುವರು. ಬಾಬುಮಿಯಾನ ಮನೆಯದಂತೂ ಚಾ ಅಲ್ಲ, ಪಾಕ. ತಿಂಗಳು ನಡೆದ ಮೇಲೆ ಸಕ್ಕರೆ ಇಳಿಯಲಿಲ್ಲ, ಏರಿತು!

ರಾಯರಿಗೆ ರೋಷ ಬಂತು. ಮರುದಿನ ತಲೆಗೆ ಬಿಳಿ ಟವೆಲ್ ಸುತ್ತಿ, ನೆಲ ನೋಡುತ್ತ, ಯಾರು ಕರೆದರೂ ಓಗೊಡದೆ ಭರಭರನೆ ನಡೆದರು. ಆ ಊರಲ್ಲಿ ಹಾಗೆ ನಡೆಯುವವನು ಸಾವಿನ ಸುದ್ದಿ ಒಯ್ಯುವವನೊಬ್ಬನೇ. ಬಾಬುಮಿಯಾ ಚಾದ ಬಸಿ ಕೆಳಗಿಟ್ಟ. ರಾಯರ ಮನೆಯಲ್ಲಿ ಯಾರೋ ಹೋದರು ಎಂದಿತು ಅವನ ಕಟ್ಟೆ. ಆ ಮಾತು ಹಿಂದಿನ ಓಣಿ ಮುಟ್ಟುವಷ್ಟರಲ್ಲಿ ರಾಯರೇ ಹೋಗಿದ್ದರು!

ಹಿಂದಿನ ಓಣಿಯ ರತ್ನಾಬಾಯಿ ಹಾಡಿಕೊಂಡು ಅಳುತ್ತಲೇ ರಾಯರ ಅಂಗಳಕ್ಕೆ ಬಂದಳು, ಬೆನ್ನಿಗೆ ಹತ್ತಾರು ಹೆಂಗಸರು. ರೊಟ್ಟಿ ಬಡಿಯುತ್ತಿದ್ದ ಸೂಗಮ್ಮ ಏನು, ಎತ್ತ ಎಂದು ಕೇಳಲಿಲ್ಲ. ದಿನವೂ ಹೆದರಿದ್ದೇ ಬಾಗಿಲಿಗೆ ಬಂದಿತ್ತು. ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಅಳತೊಡಗಿದಳು.

ಇಂದು ಒಂದು ಬಸಿ ಚಾ ಸಹ ಕುಡಿಯದೆ ಬಂದೆನೆಂದು ಬೀಗುತ್ತ ಬಂದ ರಾಯರು ಅಂಗಳದ ಗುಂಪು ಕಂಡು ತಲೆಯ ಟವೆಲ್ ಬಿಚ್ಚಿ, ತಗ್ಗಿದ ದನಿಯಲ್ಲಿ ರತ್ನಾಬಾಯಿಯನ್ನು ಕೇಳಿದರು:

"ಯಾರು ಹೋದ್ರವ್ವಾ?"

"ನೀವೇ ಹೋದ್ರಲ್ರೀ, ಯಪ್ಪಾ..." ಎಂದು ರಾಗ ಎಳೆದವಳು ಮುಖವೆತ್ತಿ ನೋಡಿ ಕಿರುಚಿ ಹೊರಗೋಡಿದಳು.

ಯಾರೂ ನಗಲಿಲ್ಲ. ಸೂಗಮ್ಮ ಗಂಡನ ಅಂಗಿಯ ತುದಿ ಹಿಡಿದವಳು ಬಹಳ ಹೊತ್ತು ಬಿಡಲೇ ಇಲ್ಲ. ಹಂಚಿನ ಮೇಲಿನ ರೊಟ್ಟಿ ಕರಿಕಾಯಿತು. ಇನ್ನು ಹೊಸ್ತಿಲು ದಾಟುವುದಿಲ್ಲವೆಂದು ರಾಯರು ಆಣೆ ಮಾಡಿದರು.

ಮರುದಿನ ನಸುಕಿಗೆ ಅವಳೇ ಅವರನ್ನು ಎಬ್ಬಿಸಿದಳು. "ಸುಳ್ಳೇ ಅತ್ತಿದ್ದೇ ನನಗ ಸಾಕಾಗ್ಯಾದ. ಖರೇ ಅಳೂದು ಆಗಂಗಿಲ್ಲ. ಏಳ್ರಿ, ನಡೀರಿ."

ಅಂದಿನಿಂದ ಸೂಗಮ್ಮ ಮುಂದೆ, ರಾಯರು ಹಿಂದೆ. ಎಲ್ಲಿಗೆ ಎಂದು ಯಾವ ಕಟ್ಟೆ ಕೇಳಿದರೂ ರಾಯರು ಬಾಯಿ ತೆರೆಯುವಂತಿಲ್ಲ. ಅವಳೇ, ನಿಲ್ಲದೆ, ಹೇಳುತ್ತ ಹೋಗುತ್ತಾಳೆ:

"ಎಲ್ಲಿಗೂ ಇಲ್ರಿ. ಇವ್ರು ಇನ್ನಾ ಅದಾರ."