ಗೋಡೆಯ ಮೇಲಿನ ಹಸುವಿನ ಕಣ್ಣು

ಬಾಡಿಗೆ ಮನೆಯಲ್ಲಿರುವವನಿಗೆ ಸ್ವಂತದ್ದೆಂದು ಇರುವುದು ದೂರು ಒಂದೇ. ಗೋಡೆಗೆ ಮೊಳೆ ಹೊಡೆಯಲು ಮಾಲೀಕರ ಅಪ್ಪಣೆ ಬೇಕು. ಗೊಣಗಲು ಯಾರ ಅಪ್ಪಣೆಯೂ ಬೇಡ. ಕಾಡುಗೋಡಿಯ ಹಳೆಯ ಹೆಂಚಿನ ಮನೆಯಲ್ಲಿದ್ದಷ್ಟು ಕಾಲ ನಾನು ಈ ಸ್ವಾತಂತ್ರ್ಯವನ್ನು ಧಾರಾಳವಾಗಿ ಬಳಸಿಕೊಂಡೆ. ನನ್ನ ದೂರೆಲ್ಲ ಒಂದೇ ಒಂದು ಕಿಟಕಿಯ ಮೇಲೆ.

ಯಾವುದೋ ಆಂಗ್ಲೋ ಇಂಡಿಯನ್ ಕುಟುಂಬ ಹಿಂದೆ ಕಟ್ಟಿಸಿದ್ದ ಮನೆಯದು. ನಡುಮನೆಯ ಪೂರ್ವದ ಗೋಡೆಯಲ್ಲಿ, ಮಾಡಿನ ಕೆಳಗೆ, ಕೈಗೆಟುಕದ ಎತ್ತರದಲ್ಲಿ ಮೊಟ್ಟೆಯಾಕಾರದ ಒಂದು ಕಿಂಡಿ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವಂತಿಲ್ಲವಾದ್ದರಿಂದ ಹಲಸಿನ ಬೀಜದ ಆಕಾರ ಎನ್ನೋಣ. ಚೌಕಟ್ಟಿಲ್ಲ, ಕದವಿಲ್ಲ, ಗಾಜಿಲ್ಲ. ಸುತ್ತ ಇಟ್ಟಿಗೆ ಜೋಡಿಸಿ ಗಾರೆ ಬಳಿದಿದ್ದರು, ಅಷ್ಟೆ. ಅದನ್ನು ನೋಡಿದ್ದೇ ತಡ, ನನ್ನ ಹೆಂಡತಿ ಗಿರಿಜಾ ಅಡುಗೆಮನೆಯನ್ನೂ ನೋಡದೆ ಮನೆ ಒಪ್ಪಿಬಿಟ್ಟಳು. ಅವಳು ದಾವಣಗೆರೆಯಲ್ಲಿ ಕೆಲ ಕಾಲ ಕನ್ನಡ ಪಾಠ ಮಾಡಿದವಳು.

"ಇದು ಗವಾಕ್ಷಿ ರೀ. ಹಾಗಂದ್ರೆ ಹಸುವಿನ ಕಣ್ಣು."

"ಹಸು ನೋಡಿದ್ರೆ ನೋಡಲಿ, ಪಾರಿವಾಳ ಒಳಗೇ ಬರ್ತಾವಲ್ಲ" ಎಂದೆ ನಾನು.

ಬಂದವು ಕೂಡ. ನಾನು ಮನೆಯಿಂದಲೇ ಕಂಪನಿ ಕೆಲಸ ಮಾಡುವವನು. ಒಮ್ಮೆ ಮೀಟಿಂಗಿನ ಮಧ್ಯೆ ಬೀರುವಿನ ಮೇಲೆ ಕೂತ ಪಾರಿವಾಳ ಗುಟುರು ಹಾಕಿದ್ದಕ್ಕೆ, ಗೊರಕೆ ಹೊಡೆಯುತ್ತಿರುವುದು ಯಾರು ಎಂದು ಮ್ಯಾನೇಜರ್ ಕೇಳಿದರು. ಎಲ್ಲರೂ ನನ್ನ ಕಡೆಗೇ ನೋಡಿದಂತಾಯಿತು. ಅಂದು ಸಂಜೆ ಹಿತ್ತಿಲ ಮನೆಯಲ್ಲಿದ್ದ ಮಾಲೀಕರಾದ ಜಯಮ್ಮನವರಿಗೆ ಮೊದಲ ದೂರು ಕೊಟ್ಟೆ. ಆಮೇಲೆ ಅದು ಅಭ್ಯಾಸವಾಯಿತು.

ಗಿರಿಜಾಳ ಅಭ್ಯಾಸ ಬೇರೆ. ಇಂಥ ಕಿಂಡಿ ಎಲ್ಲಿ ಕಂಡರೂ ನನ್ನ ಸ್ಕೂಟರ್ ನಿಲ್ಲಿಸುವಳು. ವೈಟ್‌ಫೀಲ್ಡಿನ ಹಳೆಯ ಬಂಗಲೆಗಳಲ್ಲಿ, ಚರ್ಚಿನ ಹಣೆಯಲ್ಲಿ, ಗುಂಡಗೋ ಉದ್ದಕ್ಕೋ ಒಂದಾದರೂ ಇರುತ್ತಿತ್ತು. ನಾಲ್ಕು ಮೂಲೆ ಮಾಡಿದ್ದರೆ ಗಾರೆಯವನಿಗೂ ಸುಲಭವಾಗುತ್ತಿತ್ತಲ್ಲ ಎಂದರೆ, "ಕೆಳಗಿನ ಕಿಟಕಿ ಉಪಯೋಗಕ್ಕೆ ಮಾಡಿದ್ದು. ಇದು ಖುಷಿಗೆ" ಎನ್ನುವಳು.

ಬೆಳಗ್ಗೆ ಅವಳು ಲಿಂಗಪೂಜೆಗೆ ಕೂತಾಗ ಆ ಕಿಂಡಿಯ ಬಿಸಿಲು ಎದುರು ಗೋಡೆಯಿಂದ ಮೆಲ್ಲಗೆ ಇಳಿದು ಬರುತ್ತಿತ್ತು. ಚಳಿಗಾಲದಲ್ಲಿ ಅವಳ ಹೆಗಲವರೆಗೂ ಬಂದು, ಸ್ವಲ್ಪ ಹೊತ್ತು ಇದ್ದು, ಹೋಗುತ್ತಿತ್ತು. ಆಗ ನಾನು ಕಾಫಿ ಲೋಟ ಹಿಡಿದು ಸುಮ್ಮನೆ ನೋಡುತ್ತಿದ್ದೆ. ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಒಂದು ಭಾನುವಾರ ಜಯಮ್ಮ ಬಂದು ಬಾಗಿಲಲ್ಲೇ ನಿಂತರು. "ಸಾರ್, ನೀವು ಯೋಳಿ ಯೋಳಿ ನಮ್ ಯಜಮಾನ್ರಿಗೂ ಅಂಗೇ ಅನ್ನುಸ್ತು. ಹಳೇ ಮನೆ, ಮ್ಯಾಲೆ ಆ ತೂತು ಬ್ಯಾರೆ. ಒಡ್ಸಿ ಮಹಡಿ ಮನೆ ಕಟ್ಟುಸ್ತೀವಿ."

ಗಿರಿಜಾ ನನ್ನ ಮುಖ ನೋಡಿದಳು. ಆಮೇಲೆ ಕೇಳಿದಳು: "ಆ ಗವಾಕ್ಷಿನಾದ್ರೂ ನಮಗೆ ಕೊಡ್ತೀರಾ, ಜಯಮ್ಮ?"

"ಮರದ ಕಿಟ್ಕಿ ಆಗಿದ್ರೆ ಬಿಚ್ಚಿ ಕೊಡ್ತಿದ್ದೆ ಕಣವ್ವ. ಅದು ಬರೀ ತೂತು. ಗೋಡೆ ಬಿದ್ಮೇಲೆ ತೂತು ಎಲ್ಲುಳೀತದೆ?"

ಮರುದಿನ ಯಜಮಾನರ ಬಳಿ ಹೋಗಿ, ಮನೆ ಗಟ್ಟಿಯಾಗಿದೆ, ಗಾಳಿ ಬೆಳಕು ಇಂಥದ್ದು ಬೇರೆಲ್ಲೂ ಸಿಗದು ಎಂದೆಲ್ಲ ಹೊಗಳಿದೆ. ನಾನು ಖಾಲಿ ಮಾಡಲು ವಾಯಿದೆ ಕೇಳುತ್ತಿದ್ದೇನೆಂದುಕೊಂಡು ಅವರು ದೊಡ್ಡ ಮನಸ್ಸಿನಿಂದ ಇನ್ನೊಂದು ತಿಂಗಳು ಇರಲು ಹೇಳಿದರು.

ಈಗ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಗೋಡೆಯಗಲದ ಗಾಜಿನ ಕಿಟಕಿ, ಹೊರಗೆ ಪಾರಿವಾಳ ಬರದಂತೆ ಬಲೆ. ಬೆಳಕು ಬೇಕಾದಷ್ಟಿದೆ, ಅದಕ್ಕೊಂದು ಆಕಾರವಿಲ್ಲ. ಗಿರಿಜಾ ಪೂಜೆಯ ಮಣೆಯನ್ನು ಅಲ್ಲಿಂದಿಲ್ಲಿಗೆ ಸರಿಸಿ ನೋಡಿ, ಕೊನೆಗೆ ಒಂದು ಮೂಲೆಗೆ ಹಾಕಿದಳು.

ಮೊನ್ನೆ ಜಯಮ್ಮ ಫೋನ್ ಮಾಡಿದ್ದರು. ಕೈಯಲ್ಲಿ ಕೆಲಸವಿದ್ದುದರಿಂದ ಸ್ಪೀಕರಿಗೆ ಹಾಕಿದೆ. "ಸಾರ್, ಮನೆ ಮುಗೀತು. ಒಂದು ಮಹಡಿ ನಿಮ್ಗೇ ಅಂತ ಮಡಗಿವ್ನಿ. ಮೆಟ್ಲತ್ರ ಚೆಂದಕ್ಕೆ ದುಂಡು ಕಿಟ್ಕಿ ಇಡ್ತೀನಿ ಅಂದ್ರು ಇಂಜಿನಿಯರ್ರು. ನಾನೇ ಬ್ಯಾಡ ಅಂದೆ. ನಮ್ ಸಾರ್‌ಗೆ ಅದು ಆಗಾಕಿಲ್ಲ ಅಂದೆ."

ಎದುರಿಗೇ ಗಿರಿಜಾ ಕೂತಿದ್ದಳು. ನನ್ನ ಪರವಾಗಿ ಇಷ್ಟು ಕಾಳಜಿಯಿಂದ ವಾದಿಸಿದವರು ನನ್ನ ಆಯುಷ್ಯದಲ್ಲೇ ಬೇರೆ ಯಾರೂ ಇಲ್ಲ. "ತುಂಬಾ ಉಪಕಾರವಾಯ್ತಮ್ಮ" ಎಂದೆ.