ನಮ್ಮ ಮನೆಯ ತುಳಸಿಗೆ ಗಂಡು ತಂದದ್ದು

ಮದುವೆ ಎಂದರೆ ಜನ ಯಾಕೆ ಅಷ್ಟೊಂದು ಗಡಿಬಿಡಿ ಮಾಡಿಕೊಳ್ಳುತ್ತಾರೆ ಎಂಬುದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ಹೊರಡಬೇಕಾದವರು ಹೊತ್ತಿಗೆ ಸರಿಯಾಗಿ ಹೊರಡಬೇಕು, ತಲುಪಬೇಕಾದವರು ಹೊತ್ತಿಗೆ ಸರಿಯಾಗಿ ತಲುಪಬೇಕು. ಅಷ್ಟೇ ತಾನೆ? ಅಂಕೋಲೆಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಜೀವಮಾನವೆಲ್ಲ ಬಸ್ಸು ಬಿಟ್ಟವನು ನಾನು. ಹುಬ್ಬಳ್ಳಿಗೆ ಹೋಗುವುದಿರಲಿ, ಗೋಕರ್ಣಕ್ಕೆ ಹೋಗುವುದಿರಲಿ, ನನ್ನ ಸೀಟಿ ಕೇಳದೆ ಒಂದು ಬಸ್ಸೂ ಚಕ್ರ ಉರುಳಿಸುತ್ತಿರಲಿಲ್ಲ. ನಿವೃತ್ತನಾದ ಮೇಲೂ ನಾನು ಸಡಿಲಾಗಲಿಲ್ಲ. ಎದ್ದ ಕೂಡಲೆ ಹಾಸಿಗೆ ಮಡಚುವುದು, ಚಹಾದ ನಂತರ ಪೇಪರು, ಪೇಪರಿನ ನಂತರ ಸ್ನಾನ. ಈ ಕ್ರಮ ತಪ್ಪಿದರೆ ಆ ದಿನದ ಸೂರ್ಯ ತಪ್ಪು ಪ್ಲಾಟ್‌ಫಾರ್ಮಿಗೆ ಬಂದು ನಿಂತ ಹಾಗೆ ಅನ್ನಿಸುತ್ತದೆ.

ಇಂಥವನು ಒಂದು ಗಿಡದ ಮದುವೆ ಮಾಡಿಸಲಾರನೇ?

ಕಾರವಾರದಿಂದ ಕದ್ವಾಡದ ಕಡೆಗೆ ಹೋಗುವ ರಸ್ತೆಯ ಬದಿಗೆ ನಮ್ಮದೊಂದು ಪುಟ್ಟ ಕಾಲನಿ. ಬ್ಯಾಂಕಿನವರು, ಮಾಸ್ತರರು, ಬಂದರಿನಲ್ಲಿ ಕೆಲಸ ಮಾಡುವವರು, ಚೆಂಡಿಯಾ ಊರಿನ ಜಮೀನು ನೌಕಾನೆಲೆಗೆ ಹೋದ ಮೇಲೆ ಇಲ್ಲಿ ಮನೆ ಕಟ್ಟಿಕೊಂಡ ನಮ್ಮ ಪಕ್ಕದ ಮನೆಯ ಗಿರಿಜಾಬಾಯಿ, ಹೀಗೆ ಎಲ್ಲ ಬಗೆಯವರೂ ಇದ್ದಾರೆ. ಮನೆಗಳ ಬಣ್ಣ ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಪ್ರತಿ ಅಂಗಳದಲ್ಲೂ ಒಂದು ತುಳಸಿಕಟ್ಟೆ ಇದೆ. ದೀಪಾವಳಿ ಮುಗಿದು, ಸಂಜೆಗೆ ತುಸು ತಂಪು ಬೀಳತೊಡಗಿದಾಗ, ಕಾರ್ತಿಕದ ದ್ವಾದಶಿಯಂದು ಈ ತುಳಸಿಗಳಿಗೆಲ್ಲ ಲಗ್ನ. ಮದುಮಗ ಸಾಕ್ಷಾತ್ ಶ್ರೀಕೃಷ್ಣ. ನಮ್ಮ ಕಾಲನಿಗೆ ಅವನು ಬರುವುದು ಕಾಯಿಬಿಟ್ಟ ನೆಲ್ಲಿಯ ಟೊಂಗೆಯಾಗಿ. ಟೊಂಗೆಯನ್ನು ತುಳಸಿಯ ಪಕ್ಕಕ್ಕೆ ನೆಟ್ಟು, ಸುತ್ತ ಕಬ್ಬಿನ ಮಂಟಪ ಕಟ್ಟಿ, ವಧೂವರರ ನಡುವೆ ಅಂತರಪಟ ಹಿಡಿದು ಮಂಗಳಾಷ್ಟಕ ಹೇಳಿದರೆ ಲಗ್ನವಾಯಿತು. ಆಮೇಲೆ ಪಟಾಕಿ, ಬೆಲ್ಲದ ಅವಲಕ್ಕಿ, ಕಬ್ಬಿನ ತುಂಡು.

ತೊಂದರೆ ಎಂದರೆ, ಎಲ್ಲರ ಮನೆಯಲ್ಲೂ ದೀಪ ಹಚ್ಚುವ ಹೊತ್ತಿಗೇ ಮುಹೂರ್ತ. ಭಟ್ಟರು ಮಾತ್ರ ಒಬ್ಬರೇ! ಒಂದು ವರ್ಷ ಅವರು ನಮ್ಮ ಮನೆ ತಲುಪುವಾಗ ಉಳಿದವರ ಮದುವೆ, ಊಟ ಎಲ್ಲ ಮುಗಿದಿತ್ತು. ನಾನು, ನನ್ನ ಹೆಂಡತಿ ಸುಮತಿ, ಭಟ್ಟರು. ಮದುವೆಗೆ ಬಂದ ಜನ ಅಷ್ಟೇ. ಸುಮತಿ ಊರಿಗೆಲ್ಲ ಆಗುವಷ್ಟು ಅವಲಕ್ಕಿ ಕಲಸಿದ್ದಳು. ಅದು ಮುಗಿಯುವವರೆಗೆ ನಮಗೆ ಬೇರೆ ತಿಂಡಿ ಇರಲಿಲ್ಲ.

ಮರುವರ್ಷ ದೀಪಾವಳಿಯ ಪಣತಿಗಳನ್ನು ತೊಳೆದಿಡುತ್ತ ಅವಳು ಹೇಳಿದಳು: "ಮಗಳ ಮದಿ ಪುಣೆಯ ಹಾಲಲ್ಲಿ ಆಯ್ತು. ಎಲ್ಲಾ ಗಂಡಿನ ಕಡೆಯವ್ರೇ ಮಾಡಿದ್ರು. ನಾವು ರೈಲಲ್ಲಿ ಹೋಗಿ ಕುರ್ಚಿ ಮೇಲೆ ಕೂತು ಉಂಡು ಬಂದ್ವಿ. ನನ್ನ ಬಾಗ್ಲಲ್ಲಿ ಒಂದು ಮದಿ ಅಂತ ಆಗ್ಲಿಲ್ಲ. ಈ ತುಳಸಿದಾದ್ರೂ ನಾಕು ಜನರ ಎದ್ರಿಗೆ ಆಗ್ಲಿ ಅಂತ ನಂಗೆ ಆಸೆ."

ಹೆಚ್ಚು ಕೇಳುವ ಹೆಂಗಸಲ್ಲ ಅವಳು. ನಾನು ಎದ್ದು ನಿಂತು ಘೋಷಿಸಿದೆ: "ನಾಕು ಜನ ಯಾಕೆ? ಇಡೀ ಕಾಲನಿ ಬರ್ತದೆ. ನಂಗೆ ಬಿಡು!"

ಅವಳು ಪಣತಿಯಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಎಚ್ಚರಿಕೆಯಿತ್ತು. ನಾನದನ್ನು ಮೆಚ್ಚುಗೆ ಎಂದುಕೊಂಡೆ.

ಗಿರಿಜಾಬಾಯಿಯ ಜಗುಲಿಯ ಮೇಲೆ ಸಭೆ ಕರೆದು ನನ್ನ ಯೋಜನೆಯನ್ನು ಮಂಡಿಸಿದೆ. ಇನ್ನು ಮುಂದೆ ಮನೆಗೊಂದು ಮದುವೆ ಏಕಕಾಲಕ್ಕೆ ನಡೆಯತಕ್ಕದ್ದಲ್ಲ. ಭಟ್ಟರ ಜೊತೆಗೆ ಇಡೀ ಕಾಲನಿ ಒಟ್ಟಾಗಿ ಹೊರಟು, ಒಂದು ಮನೆಯ ಮದುವೆ ಮುಗಿಸಿ ಮುಂದಿನ ಮನೆಗೆ ಹೋಗತಕ್ಕದ್ದು. ಎಲ್ಲರ ಮದುವೆಗೂ ಎಲ್ಲರೂ ಹಾಜರು! ಅಷ್ಟೇ ಅಲ್ಲ, ಅಂಕೋಲೆಯಲ್ಲಿ ನನ್ನ ಅಕ್ಕನ ಹಿತ್ತಲಿನಲ್ಲಿ ದೊಡ್ಡ ನೆಲ್ಲಿಮರವಿದೆ. ಎಲ್ಲ ಮನೆಗೂ ಗಂಡು ತರುವ ಹೊಣೆ ನನ್ನದೇ.

"ಕಂಟ್ರೋಲರ್ ಮಾಮಾ, ಕಾಯಿ ಇದ್ದದ್ದೇ ತರ್ರಿ ಹಾಂ," ಎಂದರು ಗಿರಿಜಾಬಾಯಿ. "ಪ್ಯಾಟೇಲಿ ಸಿಕ್ಕೂದೆಲ್ಲಾ ಬರೇ ಎಲೆ. ಬೋಳು ಗಂಡು ನಮ್ಗೆ ಬ್ಯಾಡ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬಂದ ಮೇಲೆ ಸುಮತಿ ಮೆಲ್ಲಗೆ ಕೇಳಿದಳು.

"ಮೊದ್ಲು ಯಾರ ಮನಿ?"

"ಗೇಟಿನ ಹತ್ರ ಇದ್ದವರದು. ಅಲ್ಲಿಂದ ಸಾಲಾಗಿ."

"ಹಂಗಾರೆ ನಮ್ದು?"

"ಕೊನೇದು. ಕಂಟ್ರೋಲರೇ ತನ್ನ ಮನಿಗೆ ಮೊದ್ಲ ಬಸ್ಸು ಬಿಟ್ಕಂಡ್ರೆ ಜನ ಎಂತಾ ಹೇಳ್ತ್ರು?"

"ಕೊನೇ ಬಸ್ಸಿಗೆ ಜನ ಇರ್ತ್ರಾ?" ಎಂದಳು ಸುಮತಿ.

ಅನುಭವವಿಲ್ಲದವರ ಪ್ರಶ್ನೆ ಎಂದುಕೊಂಡು ನಾನು ಮನೆಗಳ ಪಟ್ಟಿ ಬರೆಯತೊಡಗಿದೆ.

ದ್ವಾದಶಿಯ ಬೆಳಿಗ್ಗೆ ಅಂಕೋಲೆಗೆ ಹೋಗಿ, ಅಕ್ಕನ ಬೈಗುಳ ತಿನ್ನುತ್ತಲೇ ಮರ ಬೋಳಿಸಿ, ಮನೆಗೊಂದರಂತೆ ಟೊಂಗೆ ಕಡಿದು ಕಟ್ಟಿಕೊಂಡೆ. ಮೇಲೆ ಒಂದು ಹೆಚ್ಚಿಗೆ. ಸ್ಪೇರ್ ಬಸ್ಸು ಇಟ್ಟುಕೊಳ್ಳದವನು ಕಂಟ್ರೋಲರೇ ಅಲ್ಲ! ಆ ಬೃಹತ್ ಕಟ್ಟನ್ನು ಬಸ್ಸಿನ ಹಿಂದಿನ ಸೀಟಿಗೆ ಹತ್ತಿಸಿದಾಗ ಹಳೆಯ ಪರಿಚಯದ ಕಂಡಕ್ಟರ್ ಕಣ್ಣರಳಿಸಿದ.

"ಎಂತಾ ಸಾಹೇಬ್ರೇ, ಇಷ್ಟು ಸೊಪ್ಪು? ಆಡು ಸಾಕಿದ್ರಾ?"

"ಸೊಪ್ಪಲ್ಲ ಮಾರಾಯಾ. ಎಲ್ಲಾ ಮದುವೆ ಗಂಡುಗಳು."

"ಹಂಗಾರೆ ಲಗೇಜ್ ಅಲ್ಲ. ಫುಲ್ ಟಿಕೇಟೇ ಆಗ್ತದೆ!"

ಕಾಲನಿಯ ಗೇಟಿನಿಂದ ಹಿಡಿದು ಸಾಲಾಗಿ ಎಲ್ಲರಿಗೂ ಒಂದೊಂದು ಗಂಡು ಹಂಚಿದೆ. ಉಳಿದವನ್ನು ನಮ್ಮ ಬಾವಿಕಟ್ಟೆಯ ಬಳಿ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದೆ. ಮಧ್ಯಾಹ್ನ ಗಿರಿಜಾಬಾಯಿ ಓಡಿ ಬಂದರು.

"ಮಾಮಾ, ದನ ಬಂದು ನಮ್ಮ ಗಂಡಿನ್ನ ತಿಂದ್ಕಂಡು ಹೋಯ್ತು!"

"ಹೆದರಬೇಡಿ. ಸ್ಪೇರ್ ಇದೆ," ಎಂದು ಗಂಭೀರವಾಗಿ ಬಕೆಟ್ಟಿನಿಂದ ಒಂದು ಟೊಂಗೆ ತೆಗೆದುಕೊಟ್ಟೆ.

ಸ್ವಲ್ಪ ಹೊತ್ತಿಗೆ ಬ್ಯಾಂಕಿನವರ ಹೆಂಡತಿ ಬಂದರು. ಅವರ ಟೊಂಗೆಯ ತುಂಬ ಚಗಳಿ ಇರುವೆ ಇತ್ತಂತೆ. ಕಚ್ಚಿಸಿಕೊಂಡ ಗಂಡ ಅದನ್ನು ಗಟಾರಕ್ಕೆ ಎಸೆದಿದ್ದನಂತೆ. "ನಿಮ್ಮಲ್ಲಿ ಇನ್ನೊಂದು ಇದ್ದದಾ ಮಾಮಾ?"

"ಸ್ಪೇರ್ ಇದ್ದೇ ಇರುತ್ತದೆ!" ಎಂದೆ. ಕೊಟ್ಟೆ. "ನೀವಿಲ್ದಿದ್ರೆ ಈ ಕಾಲನಿ ಗತಿ ಎಂತಾ ಆಗ್ತಿತ್ತೇನ" ಎಂದು ಅವರು ಹೊಗಳಿ ಹೋದರು. ನಾನು ಸಂತೋಷದಿಂದ ಸಣ್ಣ ನಿದ್ದೆ ಮಾಡಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಸೀಟಿ ಊದಿದೆ. ಹೌದು, ಹಳೆಯ ಸೀಟಿಯನ್ನು ಜೋಪಾನವಾಗಿ ಇಟ್ಟಿದ್ದೆ. ಭಟ್ಟರು ಮುಂದೆ, ಕಾಲನಿ ಹಿಂದೆ. ಮೊದಲ ಮನೆಯ ಮದುವೆ ನಿರ್ವಿಘ್ನವಾಗಿ ಆಯಿತು. ಸೀಟಿ ಊದಿದೆ. ಯಾರೂ ಏಳಲಿಲ್ಲ. ಏಕೆಂದರೆ ಅವಲಕ್ಕಿ ಬಂದಿತ್ತು. ಅವಲಕ್ಕಿಯ ಹಿಂದೆ ಚಕ್ಕುಲಿ ಬಂತು. ಎರಡನೆಯ ಮನೆಯಲ್ಲಿ ಕಬ್ಬಿನ ಮಂಟಪ ವಾಲಿ ಭಟ್ಟರ ಹೆಗಲ ಮೇಲೆ ಮಲಗಿತು. ಅದನ್ನು ಎತ್ತಿ ಕಟ್ಟುವಾಗ ಎಲ್ಲರಿಗೂ ಕಷಾಯ ಕೊಟ್ಟರು. ಮಾಸ್ತರರ ಮನೆಯಲ್ಲಿ ಮಾಸ್ತರರು ತುಳಸಿಯ ಮಹತ್ವದ ಬಗ್ಗೆ ನಾಲ್ಕು ಮಾತಾಡಿದರು. ನಾಲ್ಕು ಎಂದದ್ದು ಅವರು. ನಾನು ಸೀಟಿ ಊದಿದೆ. ಅವರು ಇನ್ನೊಂದು ಶ್ಲೋಕ ನೆನಪು ಮಾಡಿಕೊಂಡರು.

ಒಂದೊಂದು ಮನೆ ದಾಟಿದಂತೆ ಒಂದಿಷ್ಟು ಜನ ಇಳಿದುಹೋದರು. ಹೊಟ್ಟೆ ತುಂಬಿದವರು, ಮಗು ಮಲಗಿದವರು, ತಮ್ಮ ಮನೆಯ ಮದುವೆ ಮುಗಿದ ಮೇಲೆ ಹುಡುಗರು ಎಳೆದೊಯ್ಯದಂತೆ ಮಂಟಪದ ಕಬ್ಬು ಕಾಯಲು ಕುಳಿತವರು. ಗಿರಿಜಾಬಾಯಿಯ ಮನೆಯ ಮದುವೆ ಮುಗಿಸಿ ನಮ್ಮ ಗೇಟಿಗೆ ಬಂದು ಹಿಂದೆ ತಿರುಗಿ ನೋಡುತ್ತೇನೆ, ಬಸ್ಸು ಖಾಲಿ! ನಾನು, ಗಿರಿಜಾಬಾಯಿ, ಕೈಯಲ್ಲಿ ಸ್ಕೂಟರಿನ ಕೀಲಿ ಹಿಡಿದ ಭಟ್ಟರು.

"ಬೇಗ ಮುಗಿಸ್ವ ಮಾರಾಯ್ರೇ. ಸದಾಶಿವಗಡದವ್ರು ಇನ್ನೂ ಕಾಯ್ತಾ ಇದ್ರು," ಎಂದರು ಭಟ್ಟರು.

ಅಂಗಳದಲ್ಲಿ ಸುಮತಿ ನಿಂತಿದ್ದಳು. ಮಗಳು ಕಳಿಸಿದ ರೇಷ್ಮೆ ಸೀರೆ ಉಟ್ಟಿದ್ದಳು. ಕಟ್ಟೆಗೆ ಕೆಮ್ಮಣ್ಣು ಬಳಿದು ರಂಗೋಲಿ ಇಟ್ಟಿದ್ದಳು. ದೊಡ್ಡ ಪಾತ್ರೆಯ ಅವಲಕ್ಕಿಯ ಮೇಲೆ ಬಾಳೆಎಲೆ ಮುಚ್ಚಿತ್ತು. ನಾನೇ ಬಾಡಿಗೆಗೆ ತರಿಸಿದ ಕುರ್ಚಿಗಳು ಸಾಲಾಗಿ, ಶಿಸ್ತಾಗಿ, ಖಾಲಿಯಾಗಿ ಕುಳಿತಿದ್ದವು. ಅವಳು ನನ್ನ ಹೆಗಲ ಆಚೆಗೆ ರಸ್ತೆಯನ್ನು ನೋಡಿದಳು.

"ಉಳ್ದವ್ರು?"

"ಬರ್ತಾರೆ."

"ಹೋದ ವರ್ಷವೂ ಹಿಂಗೇ ಹೇಳಿದ್ರಿ," ಎಂದಳು. ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಭಟ್ಟರು ಮಂಟಪದ ಮುಂದೆ ಕುಳಿತರು. ತುಳಸಿಗೆ ಅರಿಶಿನ ಕುಂಕುಮ ಇಟ್ಟರು. ಆಮೇಲೆ ಸುತ್ತಮುತ್ತ ನೋಡಿ ಕೇಳಿದರು: "ವರ ಎಲ್ಲಿ?"

"ಬಕೆಟ್ಟಿನಲ್ಲಿ," ಎಂದು ನಾನು ಗತ್ತಿನಿಂದ ಬಾವಿಕಟ್ಟೆಗೆ ನಡೆದೆ.

ಬಕೆಟ್ಟಿನಲ್ಲಿ ನೀರಿತ್ತು. ಬರೀ ನೀರು.

ಅಲ್ಲಿ ನಿಂತು ಲೆಕ್ಕ ಹಾಕಿದೆ. ಸ್ಪೇರ್ ಒಂದೇ. ಅದನ್ನು ಕೊಟ್ಟದ್ದು ಇಬ್ಬರಿಗೆ! ಅಂದರೆ ಎರಡನೆಯ ಸಲ ಕೊಟ್ಟದ್ದು ನಮ್ಮದೇ ಮನೆಯ ಅಳಿಯನನ್ನು! ಊರಿನ ಹೆಣ್ಣುಗಳಿಗೆಲ್ಲ ಗಂಡು ಹುಡುಕಿಕೊಟ್ಟ ಮಹಾನುಭಾವ ತನ್ನ ಮಗಳ ಗಂಡನ್ನೂ ದಾನ ಮಾಡಿ ಮಲಗಿ ನಿದ್ದೆ ಮಾಡಿದ್ದ.

ಬರಿಗೈಯಲ್ಲಿ ಬಂದು ವಿಷಯ ತಿಳಿಸಿದೆ. ಸುಮತಿ ಖಾಲಿ ಕುರ್ಚಿಯೊಂದರ ಮೇಲೆ ಕುಳಿತುಬಿಟ್ಟಳು. ನಾನು ಗಿರಿಜಾಬಾಯಿಯ ಕಡೆಗೆ ತಿರುಗಿದೆ.

"ಒಂದು ಗಳಿಗೆ ನಿಮ್ಮ ಮನೆಯ ಟೊಂಗೆ ಕೊಡಿ. ಮದುವೆ ಮುಗಿದ ಕೂಡಲೆ ವಾಪಸು ತಂದಿಡ್ತೇನೆ."

"ಅಗೋ ದೇವಾ! ಎಂತಾ ಮಾತಾಡ್ತ್ರಿ ಮಾಮಾ?" ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಈಗಷ್ಟೇ ಲಗ್ನ ಆದ ಜಾಂವಯ್ ಅಂವ, ನಮ್ಮನಿ ಅಳಿಯ! ಅಕ್ಷತೆ ಕಾಳು ಇನ್ನೂ ತಲೆ ಮೇಲಿದ್ದದೆ. ಅಂವಂಗೆ ಎರಡನೇ ಮದಿ ಮಾಡ್ತ್ರಾ? ನಮ್ಮನಿ ತುಳಸಿ ಎಂತ ಅಂದ್ಕಂತು?"

"ಶ್ರೀಕೃಷ್ಣನಿಗೆ ಹದಿನಾರು ಸಾವಿರ ಹೆಂಡಿರಿದ್ದರು," ಎಂದು ನಾನು ಪುರಾಣದ ಆಧಾರ ಒದಗಿಸಿದೆ.

"ಅದು ದ್ವಾರಕೇಲಿ. ನಮ್ಮ ಕಾಲನೀಲಿ ಅಲ್ಲ!"

ಭಟ್ಟರು ಕೆಮ್ಮಿದರು. "ದೇವರ ಮನೇಲಿ ಕೃಷ್ಣನ ಮೂರ್ತಿ ಇದ್ದರೆ ಅದೂ ಆಗ್ತದೆ."

"ಇರೂದು ಬಾಲಕೃಷ್ಣ ಭಟ್ರೇ," ಎಂದಳು ಸುಮತಿ. "ಅಂಬೆಗಾಲ ಕೂಸು. ಕೈಲಿ ಬೆಣ್ಣೆ ಮುದ್ದೆ."

ಬಾಲ್ಯವಿವಾಹ! ಸರಕಾರದ ಪಿಂಚಣಿ ತಿನ್ನುವ ನಾನು ಅದಕ್ಕೆ ಸರ್ವಥಾ ಒಪ್ಪುವಂತಿರಲಿಲ್ಲ.

ಅಷ್ಟರಲ್ಲಿ ಗಿರಿಜಾಬಾಯಿ ತಮ್ಮ ಹೊಸ ಮೊಬೈಲು ಹೊರತೆಗೆದಿದ್ದರು. ಕಾಲನಿಗೆ ಆಗಷ್ಟೇ ಮೊಬೈಲು ಬಂದಿತ್ತು, ಹೇಳಲು ಸುದ್ದಿ ಸಾಲುತ್ತಿರಲಿಲ್ಲ. "ಹಲೋ! ಕೇಳ್ದ್ಯಾ? ಕಂಟ್ರೋಲರ್ ಮನೀಲಿ ಗಂಡೇ ನಾಪತ್ತೆ! ಹೌದೇ! ಮಂಟಪದಲ್ಲಿ ಹುಡುಗಿ ಒಬ್ಳೇ ಇದ್ದದೆ!"

ಸುಮತಿ ಎದ್ದಳು. ಒಳಗೆ ಹೋದಳು. ಬರುವಾಗ ಎರಡೂ ಕೈಯಲ್ಲಿ ಉಪ್ಪುನೀರಿನ ಭರಣಿ ಹಿಡಿದಿದ್ದಳು.

"ನೆಲ್ಲಿ ಅಲ್ವಾ ಬೇಕಾದ್ದು?" ಎಂದು ಮುಚ್ಚಳ ತೆಗೆದಳು.

ಭಟ್ಟರು ಬಗ್ಗಿ ನೋಡಿದರು. ತುಳಸಿಯ ಲಗ್ನವಾಗುವವರೆಗೆ ನಮ್ಮಲ್ಲಿ ಹೊಸ ನೆಲ್ಲಿಕಾಯಿ ಮುಟ್ಟುವುದಿಲ್ಲ. ಹಾಗಾಗಿ ಒಳಗಿದ್ದವು ಕಳೆದ ವರ್ಷ ಉಪ್ಪಿಗೆ ಹಾಕಿಟ್ಟ ಕಾಯಿಗಳು. ಬಣ್ಣ ಮಾಸಿ, ಚರ್ಮ ಸುಕ್ಕುಗಟ್ಟಿತ್ತು.

"ವರನ ವಯಸ್ಸು ತುಸು ಹೆಚ್ಚಾಯ್ತಲ್ಲ," ಎಂದರು ಭಟ್ಟರು.

"ಹುಡುಗಿ ಅಪ್ಪ ಹುಡ್ಕಿ ತಂದದ್ದು ಇಷ್ಟೇ," ಎಂದಳು ಸುಮತಿ.

ಭಟ್ಟರು ಭರಣಿಯೊಳಗೆ ಇನ್ನೊಮ್ಮೆ ಇಣುಕಿದರು. ಆಮೇಲೆ ಶಾಂತವಾಗಿ ತೀರ್ಪು ಕೊಟ್ಟರು: "ಆಗ್ಲಿ. ಕಾರವಾರದ ಗಂಡು, ಸಮುದ್ರದ ಬದಿಯವ. ಮೈಗೆ ಉಪ್ಪು ಇರೂದೇ." ಇದ್ದುದರಲ್ಲಿ ಲಕ್ಷಣವಾದದ್ದನ್ನು ಆರಿಸಿ, ಬಾವಿಯ ನೀರಿನಲ್ಲಿ ಮೀಯಿಸಿ, ವೀಳ್ಯದೆಲೆಯ ಮೇಲೆ ಅಕ್ಕಿ ಹಾಕಿ ಕೂರಿಸಿದರು. ಗಂಧ ಹಚ್ಚಿದ ಮೇಲೆ, ನಾನು ಪಕ್ಷಪಾತದಿಂದ ಹೇಳುತ್ತಿಲ್ಲ, ಅಳಿಯ ಸುಮಾರಾಗಿಯೇ ಕಂಡ.

ಆಗ ಗೇಟಿನ ಹತ್ತಿರ ಸದ್ದಾಯಿತು. ಮಾಸ್ತರರು ಅರ್ಧ ತಿಂದ ಚಕ್ಕುಲಿ ಹಿಡಿದುಕೊಂಡೇ ಬಂದರು. ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ತಾಯಂದಿರು ಬಂದರು. ಕಬ್ಬು ಕಾಯುವವರು ಕಬ್ಬನ್ನು ದೇವರಿಗೆ ಬಿಟ್ಟು ಬಂದರು. ನನ್ನ ಸೀಟಿಗೆ ಅಲುಗಾಡದ ಕಾಲನಿ, ಭರಣಿಯಿಂದ ಎದ್ದುಬಂದ ಮದುಮಗನನ್ನು ನೋಡಲು ಓಡೋಡಿ ಬಂತು! ಕುರ್ಚಿಗಳು ತುಂಬಿದವು. ಕಂಪೌಂಡಿನ ಗೋಡೆಯೂ ತುಂಬಿತು.

"ಮಾಮಾ, ನಂಗೆ ಮಧ್ಯಾಹ್ನ ಕೊಟ್ಟದ್ದು ನಿಮ್ಮದಾ?" ಎಂದು ಬ್ಯಾಂಕಿನವರ ಹೆಂಡತಿ ಪೆಚ್ಚಾಗಿ ಕೇಳಿದರು.

"ಇರಲಿ ಬಿಡಿ. ನಿಮ್ಮ ಮಗಳು ಸುಖವಾಗಿರಲಿ," ಎಂದೆ.

ಅಂತರಪಟ ಸರಿಯಿತು. ಅಷ್ಟೂ ಜನ ಒಟ್ಟಿಗೆ ಅಕ್ಷತೆ ಎರಚಿದರು. ಸುಮತಿ ಎಲ್ಲರಿಗೂ ಕೇಳಿ ಕೇಳಿ ಬಡಿಸಿದಳು. ಮಗಳ ಮದುವೆಯಲ್ಲಿ ಬಡಿಸಲಾಗದ್ದನ್ನೂ ಸೇರಿಸಿ ಬಡಿಸಿದಂತಿತ್ತು. ಎಲ್ಲ ಮನೆಯಲ್ಲೂ ತಿಂದು ಬಂದವರು ಇಲ್ಲೂ ತಿಂದರು. ಜನ ಹೋದ ಮೇಲೆ ಅವಳು ಪಾತ್ರೆಯನ್ನು ವಾಲಿಸಿ ನನಗೆ ತಳ ತೋರಿಸಿದಳು.

"ನಾಳೆ ತಿಂಡಿಗೆ ಬೇರೆ ಎಂತಾದ್ರೂ ಮಾಡ್ಬೇಕು," ಎಂದಳು. ಅಂಥ ಸಂತೋಷದ ದೂರನ್ನು ನಾನು ಅವಳ ಬಾಯಿಂದ ಕೇಳಿದ್ದಿಲ್ಲ.

ಬೆಳಿಗ್ಗೆ ಪುಣೆಯಿಂದ ಫೋನು ಬಂತು. "ಅಪ್ಪಾ, ನಂಗೆ ಉಪ್ಪಿನಕಾಯಿ ಭಾವ ಸಿಕ್ಕಿದ್ನಂತೆ ಹೌದಾ?" ಎಂದು ಮಗಳು ನಕ್ಕಳು. ಭಟ್ಟರಂತೂ ಇವತ್ತಿಗೂ ಪೇಟೆಯಲ್ಲಿ ಸಿಕ್ಕಿದರೆ ಸ್ಕೂಟರು ನಿಲ್ಲಿಸಿ, "ಅಳಿಯ ಹ್ಯಾಂಗಿದ್ದ?" ಎಂದು ವಿಚಾರಿಸುತ್ತಾರೆ.

ಮರುವರ್ಷದ ಸಭೆಗೆ ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ, ಈ ಸಲ ನನ್ನ ಜವಾಬ್ದಾರಿ ಏನು ಎಂದು ಕೇಳಿದೆ. ಮೊದಲ ಮದುವೆ ನಮ್ಮ ಮನೆಯದೆಂದು ಆಗಲೇ ನಿರ್ಧಾರವಾಗಿತ್ತು.

"ನೀವು ಅಂತರಪಟ ಹಿಡೀರಿ ಮಾಮಾ," ಎಂದರು ಗಿರಿಜಾಬಾಯಿ. "ಎರಡೂ ಕೈ ಅದ್ರಲ್ಲೇ ಇದ್ರೆ ಬ್ಯಾರೆ ಎಂತದೂ ಮಾಡೂಕೆ ಆಗೂದಿಲ್ಲ."

ಸುಮತಿ ತಲೆಯಾಡಿಸಿದಳು. ದ್ವಾದಶಿಯ ಸಂಜೆ ನಾನು ನೇರವಾಗಿ ನಿಂತು, ಕೈ ಅಲುಗಿಸದೆ, ಮಂಗಳಾಷ್ಟಕ ಮುಗಿಯುವವರೆಗೆ ಶಿಸ್ತಿನಿಂದ ಹಿಡಿದೆ. ಜನ ಯಾಕೆ ನಗುತ್ತಿದ್ದಾರೆಂದು ಆಗ ತಿಳಿಯಲಿಲ್ಲ. ಪಟದ ಮೇಲೆ ಬರೆದ ಓಂಕಾರ ತಲೆಕೆಳಗಾಗಿತ್ತಂತೆ!