ಮೂರು ಘಟ, ಒಂದು ಜಕಾತಿ ನಾಕೆ

ವೀಣೆಯವರಿಗೆ ಆಗದ್ದು, ಪಿಟೀಲಿನವರಿಗೆ ಆಗದ್ದು, ಮೃದಂಗದವರಿಗೂ ಆಗದ್ದು ಘಟ ನುಡಿಸುವವನಿಗೆ ಮಾತ್ರ ಆಗುತ್ತದೆ, ಅದೂ ಪದೇ ಪದೇ ಆಗುತ್ತದೆ. ಅವರ ಕೈಯಲ್ಲಿರುವುದನ್ನು ಕಂಡರೆ ಜನ 'ಓಹೋ, ಸಂಗೀತದವರು' ಎಂದು ದಾರಿ ಬಿಡುತ್ತಾರೆ. ನನ್ನ ಕೈಯಲ್ಲಿರುವುದನ್ನು ಕಂಡರೆ 'ಎಲ್ಲಿ ಸಿಕ್ಕಿತು, ಸೋರುತ್ತಾ?' ಎಂದು ಕೇಳುತ್ತಾರೆ.

ನಾನು ಹೊಟ್ಟೆಪಾಡಿಗೆ ವಿಮಾ ಆಫೀಸಿನ ಗುಮಾಸ್ತ, ಮಿಕ್ಕ ಹೊತ್ತು ಘಟವಾದಕ. ತೊಂಬತ್ತರ ದಶಕದ ಶುರುವಿನಲ್ಲಿ ಮೈಸೂರಿನಿಂದ ಅಹಮದಾಬಾದಿಗೆ ವರ್ಗವಾಯಿತು. ಹೆಂಡತಿ, ಮಗಳು ಮತ್ತು ಮೂರು ಘಟಗಳ ಜತೆ ಮಣಿನಗರದ ಒಂದು ವಸತಿ ಸೊಸೈಟಿಯ ಎರಡನೇ ಮಹಡಿಗೆ ಬಂದಿಳಿದೆ. ಮೂರೇಕೆ ಎಂದರೆ, ಹಾಡುವವರ ಶ್ರುತಿ ಒಂದೇ ಇರುವುದಿಲ್ಲ. ಗಂಡು ದನಿಗೊಂದು, ಹೆಣ್ಣು ದನಿಗೊಂದು, ಕೊಳಲಿಗೊಂದು ಬೇಕು. ಅವುಗಳಲ್ಲಿ ದೊಡ್ಡದು ನನ್ನ ಗುರುಗಳದ್ದು. ಕೈ ನಡುಗಲು ಶುರುವಾದ ಮೇಲೆ ಅವರು ಅದನ್ನು ನನ್ನ ಮಡಿಲಿಗಿಟ್ಟು, "ಒಡೀಬೇಡ ಕಣೋ" ಎಂದಷ್ಟೇ ಹೇಳಿದ್ದರು. ನನ್ನ ಅರ್ಧ ಆಯುಸ್ಸು ಆ ಮಾತನ್ನು ಉಳಿಸಿಕೊಳ್ಳುವುದರಲ್ಲೇ ಕಳೆದಿದೆ.

ನೀರಿನ ಮಡಕೆ

ಲಾರಿಯಿಂದ ಸಾಮಾನು ಇಳಿಸುವ ದಿನ ಇಡೀ ಸೊಸೈಟಿ ಬಾಲ್ಕನಿಯಲ್ಲಿತ್ತು. ಟೀವಿ ಮೈಮೇಲೆ ಒಂದು ಚೂರು ಬಟ್ಟೆಯಿಲ್ಲದೆ ಇಳಿಯಿತು. ಘಟಗಳು ಮಾತ್ರ ಎರಡೆರಡು ಹಾಸಿಗೆಯೊಳಗೆ ಸುತ್ತಿಸಿಕೊಂಡು ಬಾಣಂತಿಯರ ಹಾಗೆ ಇಳಿದವು. ಕೆಳಮನೆಯ ಗುಜರಾತಿ ಅಜ್ಜಿ ಹತ್ತಿರ ಬಂದು ಹಾಸಿಗೆ ಸರಿಸಿ ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತು.

"ಪಾಪ, ಗುಜರಾತಿನಲ್ಲಿ ಮಟಕಾ ಸಿಗೋದಿಲ್ಲ ಅಂತ ಯಾರು ಹೇಳಿದರು ಬೇಟಾ ನಿನಗೆ?" ಎಂದು ಹಿಂದಿಯಲ್ಲಿ ಕೇಳಿದರು.

ಇವು ವಾದ್ಯ ಎಂದು ವಿವರಿಸಿದೆ. ಅಜ್ಜಿ ತಲೆಯಾಡಿಸಿ, ಸಂಜೆ ಮಡಕೆ ಇಡಲು ಒಂದು ಕಬ್ಬಿಣದ ಸ್ಟ್ಯಾಂಡನ್ನೂ ಮುಚ್ಚಲು ಮೂರು ತಟ್ಟೆಗಳನ್ನೂ ಕಳಿಸಿಕೊಟ್ಟರು.

ಮರುವಾರ ಹೆಂಡತಿ, "ಬಿಸಿಲು ತಡ್ಕೊಳ್ಳೋಕಾಗ್ತಿಲ್ಲ ರೀ, ಕುಡಿಯೋ ನೀರಿಗೆ ಒಂದು ಮಡಕೆ ತನ್ನಿ" ಎಂದು ನನ್ನನ್ನು ಮಾರುಕಟ್ಟೆಗೆ ಅಟ್ಟಿದಳು. ಮಡಕೆಯ ಅಂಗಡಿಯಲ್ಲಿ ಕೂತ ಮೇಲೆ ನನ್ನ ಬೆರಳು ಸುಮ್ಮನಿರಲಿಲ್ಲ. ಒಂದೊಂದನ್ನೂ ತಟ್ಟಿದೆ, ಕಿವಿಗೊಟ್ಟೆ, ಮಡಿಲಿಗಿಟ್ಟೆ, ಮತ್ತೆ ತಟ್ಟಿದೆ. ಒಂದರಲ್ಲೂ ನಾದವಿಲ್ಲ. ಅಂಗಡಿಯವನು ಮೊದಲು ನನ್ನನ್ನು ಭಾರಿ ಹುಷಾರಿನ ಗಿರಾಕಿ ಎಂದುಕೊಂಡ. ಮೂವತ್ತನೆಯ ಮಡಕೆಗೆ ಬರುವ ಹೊತ್ತಿಗೆ ಅಂಗಡಿ ಮುಚ್ಚುವ ಸಮಯವಾಗಿದೆ ಎಂದ. ಆಗಿನ್ನೂ ಬೆಳಿಗ್ಗೆ ಹನ್ನೊಂದು ಗಂಟೆ.

ಬರಿಗೈಯಲ್ಲಿ ಬಂದ ನನ್ನನ್ನು ನೋಡಿ ಹೆಂಡತಿ ಬಕೆಟ್ಟು ತೊಳೆದು ನೀರು ತುಂಬಿಸಿಟ್ಟಳು. ಅಂದಿನ ಕಾಗದದಲ್ಲಿ ನಮ್ಮತ್ತೆಗೆ ಹೀಗೆ ಬರೆದಳು: "ಇಲ್ಲಿ ಎಲ್ಲ ಸೌಖ್ಯ. ನೀರು ಶ್ರುತಿ ಸೇರದ ಕಾರಣ ಬಕೆಟ್ಟಿನಲ್ಲಿ ಕುಡಿಯುತ್ತಿದ್ದೇವೆ."

ಸೂರತ್ ಸ್ಟೇಷನ್ನಿನ ಹೊರಗೆ

ಸೂರತ್ತಿನಲ್ಲಿ ದಕ್ಷಿಣದವರ ಸಂಘವೊಂದಿತ್ತು. ಅಲ್ಲಿಂದ ಮೊದಲ ಕಛೇರಿಗೆ ಕರೆ ಬಂದಾಗ ಮೂರು ಘಟಗಳನ್ನೂ ಗೋಣಿಯಲ್ಲಿ ಕಟ್ಟಿ ಹೊರಟೆ. ಆಗ ಊರೊಳಗೆ ಬರುವ ಸರಕಿಗೆಲ್ಲ ಜಕಾತಿ. ಸ್ಟೇಷನ್ ಹೊರಗಿನ ಸುಂಕದ ನಾಕೆಯಲ್ಲಿ ಒಬ್ಬ ಗುಮಾಸ್ತ ಮೇಜು ಹಾಕಿಕೊಂಡು ಕೂತಿದ್ದ.

"ಏನು ಮಾಲು?"

"ಮಾಲಲ್ಲ ಸಾಹೇಬ್. ವಾದ್ಯ."

ಅವನು ಗೋಣಿ ಬಿಚ್ಚಿಸಿದ. "ಒಂದಿದ್ದರೆ ಮನೆಬಳಕೆ. ಎರಡಿದ್ದರೆ ದೊಡ್ಡ ಸಂಸಾರ. ಮೂರಿದ್ದರೆ ವ್ಯಾಪಾರ."

ಇನ್ನು ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದು ಅಲ್ಲೇ ಫುಟ್‌ಪಾತಿನಲ್ಲಿ ಚಕ್ಕಳಮಕ್ಕಳ ಕೂತೆ. ಘಟದ ಬಾಯನ್ನು ಹೊಟ್ಟೆಗೆ ಆನಿಸಿ ನುಡಿಸಬೇಕಲ್ಲ, ಅಂಗಿಯ ಗುಂಡಿ ಬಿಚ್ಚಿದೆ. ಬಿಚ್ಚಿದ್ದೇ ತಡ ಜನ ಸೇರಿದರು. ಆದಿತಾಳದಲ್ಲಿ ನಾಲ್ಕು ಆವರ್ತ ನುಡಿಸಿ ಮುಕ್ತಾಯಕ್ಕೆ ಒಂದು ತೀರ್ಮಾನವನ್ನೂ ಹಾಕಿದೆ. ಜನ ಚಪ್ಪಾಳೆ ತಟ್ಟಿದರು. ಒಬ್ಬರು ದೊಡ್ಡದು ಎಷ್ಟು ಎಂದು ವಿಚಾರಿಸಿದರು.

"ನೋಡಿದಿರಾ?" ಎಂದ ಗುಮಾಸ್ತ. "ಬಡಿದು ತೋರಿಸಿದಿರಿ, ಗಿರಾಕಿ ಬಂದರು. ಇದಕ್ಕೆ ನಮ್ಮಲ್ಲಿ ವ್ಯಾಪಾರ ಅಂತಲೇ ಅನ್ನೋದು."

ಒಂದೂವರೆ ಗಂಟೆ ವಾದ ನಡೆಯಿತು. ಕೊನೆಗೆ ಜಕಾತಿ ಕಟ್ಟಿ ಗೋಣಿ ಹೊರುವಾಗ ಅವನಿಗೆ ಮರುಕ ಬಂತೋ ಏನೋ, ಹಿಂದಿನಿಂದ ಕೂಗಿ ಹೇಳಿದ: "ಇನ್ನೊಂದು ಸಲ ಬರುವಾಗ ಒಡೆದುಕೊಂಡು ಬನ್ನಿ ಭಾಯ್. ಒಡೆದ ಮಾಲಿಗೆ ಜಕಾತಿ ಇಲ್ಲ."

ಹೆಂಡತಿಯ ಕಷಾಯ

ಇನ್ನೊಮ್ಮೆ ಆಫೀಸಿನ ಕೆಲಸಕ್ಕೆ ಮುಂಬೈಗೆ ಹೋಗಿದ್ದೆ. ಅಲ್ಲಿಂದ ನೇರ ವಡೋದರಾಕ್ಕೆ ಬಂದು ಸಂಜೆಯ ಕಛೇರಿಗೆ ಕೂರಬೇಕಿತ್ತು. ಗುರುಗಳ ಘಟ ಜತೆಗಿತ್ತು. ನನಗೆ ನೆಗಡಿ. ನಾನು ಮನೆಯಿಂದ ಹೊರಡುವಾಗಲೇ ಹೆಂಡತಿ ಒಂದು ಬಾಟಲಿ ಕಷಾಯವನ್ನು ಪಂಚೆಯಲ್ಲಿ ಸುತ್ತಿ ಘಟದ ಹೊಟ್ಟೆಯೊಳಗೆ ತುರುಕಿದ್ದಳು. ಘಟಕ್ಕೂ ಪೆಟ್ಟಾಗುವುದಿಲ್ಲ, ಬಾಟಲಿಗೂ ಪೆಟ್ಟಾಗುವುದಿಲ್ಲ ಎಂಬುದು ಅವಳ ಲೆಕ್ಕಾಚಾರ.

ಗುಜರಾತಿನಲ್ಲಿ ಮದ್ಯ ನಿಷೇಧ. ಮುಂಬೈ ಗಾಡಿಯಿಂದ, ಗೋಣಿಯಲ್ಲಿ ಕಟ್ಟಿದ ಮಡಕೆಯನ್ನು ಮಗುವಿನಂತೆ ಅಪ್ಪಿಕೊಂಡು ಇಳಿಯುವ ಮನುಷ್ಯನನ್ನು ಪೊಲೀಸರು ಬಿಟ್ಟಾರೆಯೆ? ದಪ್ಪ ಮೀಸೆಯ ಜಮಾದಾರರೊಬ್ಬರು ಕೈ ಹಾಕಿದವರೇ ಪಂಚೆ ಎಳೆದರು. ಬಾಟಲಿ ಬಂತು. ಒಳಗೆ ಕಪ್ಪು ದ್ರವ.

"ಇದೇನು?"

"ಔಷಧಿ ಸಾಹೇಬ್. ಮನೆಯದು."

"ಎಲ್ಲರೂ ಹಾಗೇ ಹೇಳ್ತಾರೆ."

ಬಿರಡೆ ತೆಗೆದು ಮೂಸಿದರು. ಏನೂ ತೀರ್ಮಾನವಾಗಲಿಲ್ಲ. ನಾನು ಬೇಡ ಬೇಡ ಎನ್ನುತ್ತಿದ್ದಂತೆ ಒಂದು ಗುಟುಕು ಒಳಗೆ ಬಿಟ್ಟರು. ನನ್ನ ಹೆಂಡತಿ ಕಾಳುಮೆಣಸಿಗೆ ಎಂದೂ ಜಿಪುಣತನ ಮಾಡಿದವಳಲ್ಲ. ಜಮಾದಾರರ ಮೀಸೆ ನೆಟ್ಟಗಾಯಿತು, ಕಣ್ಣು ಕೆಂಪಾಯಿತು, ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತುಬಿಟ್ಟರು. ನಾನೇ ನೀರು ತಂದುಕೊಟ್ಟೆ. ಅವರು ಸುಧಾರಿಸಿಕೊಳ್ಳುವವರೆಗೆ ಬಿಟ್ಟು ಹೋಗುವ ಹಾಗೂ ಇರಲಿಲ್ಲ. ನಾನು ಸಭಾಂಗಣ ಸೇರಿದಾಗ ಮಂಗಳ ಹಾಡುತ್ತಿದ್ದರು.

ಬಾಟಲಿ ಹಿಂತಿರುಗಿಸುವಾಗ ಜಮಾದಾರರು ಗದ್ಗದ ದನಿಯಲ್ಲಿ ಹೇಳಿದ್ದು ಇಷ್ಟೇ: "ಸರ್ಕಾರ ಬೇರೆ ಯಾವುದನ್ನೋ ನಿಷೇಧ ಮಾಡಿ ಕೂತಿದೆ. ಮಾಡಬೇಕಾಗಿದ್ದದ್ದು ಇದನ್ನ."

ಪಟ್ಟಿಯಲ್ಲಿ ಇಲ್ಲದವನು

ನಾವು ಬಂದ ಮೂರನೆಯ ವರ್ಷ ಮಾರ್ಚ್ ತಿಂಗಳಲ್ಲಿ ಸೂರತ್ ಸಂಘದ ಕಾರ್ಯದರ್ಶಿ ಫೋನು ಮಾಡಿದರು. ಊರ ಕಡೆಯ ಹಿರಿಯ ಗಾಯಕರೊಬ್ಬರು ಬರುತ್ತಿದ್ದಾರಂತೆ. ಹೆಸರು ಕೇಳಿ ನನಗೆ ಮೈ ಜುಮ್ಮೆಂದಿತು. ನನ್ನ ಗುರುಗಳು ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಘಟ ನುಡಿಸಿದ್ದು ಅವರಿಗೇ. ಆ ಜಾಗದಲ್ಲಿ, ಅದೇ ಘಟ ಇಟ್ಟುಕೊಂಡು ಒಂದು ಸಲ ಕೂರಬೇಕು ಎಂಬುದು ನನ್ನ ಬಹಳ ಹಳೆಯ ಆಸೆ.

"ಆದರೆ ನೋಡಿ, ಒಂದು ಸಲ ಅರ್ಧ ಕಛೇರಿಗೆ ಬಂದಿರಿ. ವಡೋದರಾದಲ್ಲಿ ಮಂಗಳಕ್ಕೆ ಬಂದಿರಂತೆ" ಎಂದರು ಕಾರ್ಯದರ್ಶಿ. "ಇದು ವಾದ್ಯ ಅಂತ ಸರ್ಕಾರದ ಕಾಗದ ತಗೊಂಡು ಬನ್ನಿ. ಇಲ್ಲಾಂದ್ರೆ ಖಂಜಿರದವರಿಗೆ ಹೇಳ್ತೀನಿ. ಖಂಜಿರ ಕೈಚೀಲದಲ್ಲಿ ಹಿಡಿಯುತ್ತೆ."

ಮರುದಿನವೇ ಕಲೆಗೆ ಸಂಬಂಧಿಸಿದ ಒಂದು ಸರ್ಕಾರಿ ಆಫೀಸಿಗೆ ಹೋದೆ. ಅಲ್ಲಿನವರು ವಾದ್ಯಗಳ ಪಟ್ಟಿ ತೆಗೆದರು. ತಬಲಾ ಇತ್ತು, ಢೋಲ್ ಇತ್ತು, ಶಂಖವೂ ಇತ್ತು. ಘಟ ಇರಲಿಲ್ಲ.

"ಯಾವುದರಿಂದ ಮಾಡಿದ್ದು?"

"ಮಣ್ಣು."

"ಹಾಗಾದರೆ ಗುಡಿ ಕೈಗಾರಿಕೆ. ಎದುರು ಕಟ್ಟಡ."

ಎದುರು ಕಟ್ಟಡದಲ್ಲಿ ಬಹಳ ಮರ್ಯಾದೆಯಿಂದ ಕೂರಿಸಿದರು, ಚಹಾ ಕೊಟ್ಟರು, ಒಂದು ಫಾರಂ ತುಂಬಿಸಿದರು. ಗುಜರಾತಿ ಲಿಪಿ ನನಗೆ ಅಷ್ಟಾಗಿ ಬರುತ್ತಿರಲಿಲ್ಲ. ತೋರಿಸಿದ ಕಡೆಯೆಲ್ಲ ರುಜು ಹಾಕಿದೆ. ಹತ್ತು ದಿನಕ್ಕೆ ಲಕೋಟೆ ಬಂತು. ಓದಲು ಮಗಳಿಗೆ ಕೊಟ್ಟೆ. ಎಂಟು ವರ್ಷದ ಅವಳಿಗೆ ಕನ್ನಡಕ್ಕಿಂತ ಗುಜರಾತಿಯೇ ಸಲೀಸು.

"ಪಪ್ಪಾ, ಕಂಗ್ರಾಚುಲೇಷನ್ಸ್!" ಎಂದಳು ಓದಿ. "ಮಡಕೆ ಮಾಡೋ ಟ್ರೇನಿಂಗಲ್ಲಿ ನಿಮ್ಮ ನಂಬರ್ ಲಗಾ, ಸೀಟ್ ಸಿಕ್ತು. ಚಕ್ರ ಅವರೇ ಕೊಡ್ತಾರೆ."

ಹೆಂಡತಿ ಒಳಗಿನಿಂದ ಹೇಳಿದಳು: "ಹೋಗಿ ಕಲ್ತ್ಕೊಂಡು ಬನ್ನಿ. ಮನೆಗೆ ಒಂದು ನೀರಿನ ಮಡಕೆಯಾದ್ರೂ ಆಗುತ್ತೆ."

ತಪಾಸಣೆ

ಮತ್ತೆ ಮೊದಲಿನ ಆಫೀಸಿಗೇ ಹೋಗಿ ಕಾಡಿ ಬೇಡಿದ ಮೇಲೆ, ಕಛೇರಿಗೆ ಒಂದು ವಾರವಿದೆ ಎನ್ನುವಾಗ ಒಬ್ಬ ಅಧಿಕಾರಿ ಮನೆಗೇ ಬಂದು ವಾದ್ಯಗಳನ್ನು ತಪಾಸಣೆ ಮಾಡುವುದಾಗಿ ಒಪ್ಪಿದರು. ಅರ್ಜಿಯಲ್ಲಿ ಮೂರು ಎಂದು ಬರೆದಿದ್ದೆ. ಮೂರೂ ಹಾಜರಿರಬೇಕು, ಒಂದು ಕಡಿಮೆಯಾದರೂ ಅರ್ಜಿ ವಜಾ ಎಂದು ಮೊದಲೇ ಎಚ್ಚರಿಸಿದ್ದರು.

ಅಂದು ಬೆಂಕಿ ಬಿಸಿಲು. ಮಧ್ಯಾಹ್ನ ಎರಡು ಗಂಟೆಗೆ ಅಧಿಕಾರಿ ಬೆವರೊರೆಸುತ್ತಾ ಮೆಟ್ಟಿಲು ಹತ್ತಿ ಬಂದರು. ಬಂದವರೇ, "ಏನು ಸೊಸೈಟಿ ನಿಮ್ಮದು! ಗೇಟಿನ ಹತ್ತಿರ ಅರವಟ್ಟಿಗೆ ಇಟ್ಟಿದ್ದೀರಿ, ನೀರು ಕುದೀತಾ ಇದೆ. ನಾಲಿಗೆ ಸುಟ್ಟಿತು" ಎಂದು ರೇಗಿದರು. ಬೇಸಗೆಯಲ್ಲಿ ದಾರಿಹೋಕರಿಗೆಂದು ಗೇಟಿನ ಬೇವಿನ ಮರದಡಿ ನೀರಿಡುವುದು ಕೆಳಮನೆ ಅಜ್ಜಿಯ ವ್ರತ. ನಾನು ಕ್ಷಮೆ ಕೇಳಿ ಮಜ್ಜಿಗೆ ಕೊಡಿಸಿ, ಘಟಗಳನ್ನು ತರಲು ಒಳಗೆ ಹೋದೆ.

ಎರಡೇ ಇದ್ದವು. ಗುರುಗಳದ್ದು ಇರಲಿಲ್ಲ.

ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದೆ. ಹೊತ್ತು ಕಳೆಯಲೆಂದು ಇರುವ ಎರಡನ್ನೇ ತಂದು ನುಡಿಸಲು ಕೂತೆ. ಆ ಕಡೆ ಹೆಂಡತಿ ಮಂಚದ ಕೆಳಗೆ, ಅಟ್ಟದ ಮೇಲೆ ಹುಡುಕುತ್ತಿದ್ದಳು. ಹೆದರಿಕೆಗೋ ಏನೋ, ನನ್ನ ಬೆರಳು ಎಂದಿಲ್ಲದಷ್ಟು ಓಡಿತು. ಅಧಿಕಾರಿಯೂ ತೊಡೆಯ ಮೇಲೆ ತಾಳ ಹಾಕಿದರು. ಮುಗಿದ ಮೇಲೆ ಪೆನ್ನು ತೆಗೆದು ಹೇಳಿದರು: "ಚೆನ್ನಾಗಿ ಬಡೀತೀರಿ. ಆದರೆ ನನ್ನ ಹೆಂಡತಿ ಸಿಟ್ಟು ಬಂದಾಗ ತಟ್ಟೆಯನ್ನೂ ಲಯವಾಗಿಯೇ ಬಡೀತಾಳೆ. ತಟ್ಟೆ ವಾದ್ಯ ಆಯಿತೇ? ಇದರಲ್ಲಿ ನೀರು ತುಂಬಬಹುದು. ನೀರು ತುಂಬಬಹುದಾದ ಮೇಲೆ ಇದು ಮಡಕೆ. ಇರಲಿ, ಮೂರನೆಯದು ಎಲ್ಲಿ?"

ಆಗ ಶಾಲೆಯಿಂದ ಮಗಳು ಬಂದಳು. ಅಮ್ಮ ಕೇಳಿದ್ದಕ್ಕೆ ಬೂಟು ಬಿಚ್ಚುತ್ತಾ ನಿಶ್ಚಿಂತೆಯಿಂದ ಉತ್ತರ ಕೊಟ್ಟಳು: "ನೀಚೆವಾಲಿ ಅಜ್ಜೀದು ಮಡಕೆ ಹಸು ತೋಡ್ ದಿಯಾ, ಒಡೆದೇ ಹೋಯ್ತು. ನಮ್ಮದು ಮೂರು ಇದೆಯಲ್ಲಾ ಅಂತ ಒಂದು ಕೊಟ್ಟೆ. ಪುಣ್ಯ ಬರುತ್ತೆ ಅಂದ್ರು ಅಜ್ಜಿ."

ನಾನು ಮೆಟ್ಟಿಲಿಳಿದೆನೋ ಉರುಳಿದೆನೋ ನೆನಪಿಲ್ಲ. ಹಿಂದೆ ಹೆಂಡತಿ, ಅವಳ ಹಿಂದೆ ಫೈಲು ಹಿಡಿದ ಅಧಿಕಾರಿ. ಬೇವಿನ ಮರದಡಿ, ಅಜ್ಜಿ ಕೊಟ್ಟಿದ್ದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನನ್ನ ಗುರುಗಳ ಘಟ ಕೂತಿತ್ತು. ಕುತ್ತಿಗೆಗೆ ಒಂದು ಚೆಂಡುಹೂವಿನ ಹಾರ, ಬಾಯಿಗೆ ತಟ್ಟೆ, ತಟ್ಟೆಯ ಮೇಲೆ ಲೋಟ. ಒಡೆದಿರಲಿಲ್ಲ. ನನಗೆ ಅಳುವೇ ಬಂತು.

ಅಜ್ಜಿ ನನ್ನನ್ನು ಕಂಡದ್ದೇ ತರಾಟೆಗೆ ತೆಗೆದುಕೊಂಡರು. "ಎಂಥ ಮಡಕೆ ಹೊತ್ತುಕೊಂಡು ಬಂದಿದ್ದೀಯೋ ಅಷ್ಟು ದೂರದಿಂದ! ಬೆಳಿಗ್ಗೆಯಿಂದ ಒದ್ದೆ ಬಟ್ಟೆ ಸುತ್ತಿದೆ, ನೆರಳಿಗಿಟ್ಟೆ. ಒಂದು ಲೋಟ ನೀರು ತಣ್ಣಗಾಗಲಿಲ್ಲ. ನೀರು ಕುಡಿದವರೆಲ್ಲ ನನ್ನನ್ನೇ ಬಯ್ಕೊಂಡು ಹೋಗ್ತಿದ್ದಾರೆ. ತಗೊಂಡು ಹೋಗು!"

ಘಟದ ಗೋಡೆ ದಪ್ಪ. ನಾದಕ್ಕೆಂದು ಲೋಹದ ಪುಡಿ ಬೆರೆಸಿ ಗಟ್ಟಿಯಾಗಿ ಸುಟ್ಟಿರುತ್ತಾರೆ. ಅದರಲ್ಲಿ ನೀರು ತಣ್ಣಗಾಗುವುದಿಲ್ಲ. ಇದನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿ ಮುಂದೆ ಬಂದು, ಇನ್ನೊಂದು ಲೋಟ ನೀರು ತೆಗೆದು ನಾಲಿಗೆಯ ತುದಿಗೆ ತಾಗಿಸಿದರು. ಅವರ ಮುಖ ಅರಳಿತು. ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದು, ಮೊಹರು ಒತ್ತಿ, ನನ್ನ ಕೈಗಿತ್ತರು.

"ಸ್ಥಳಕ್ಕೆ ಭೇಟಿ ನೀಡಿ ಎರಡು ಬಾರಿ ಪರೀಕ್ಷಿಸಲಾಯಿತು. ಸದರಿ ಪಾತ್ರೆಯಲ್ಲಿ ನೀರು ತಣ್ಣಗಾಗುವುದಿಲ್ಲ. ಆದ್ದರಿಂದ ಇದು ಮಡಕೆಯಲ್ಲ. ವಾದ್ಯವೆಂದು ಪ್ರಮಾಣೀಕರಿಸಲಾಗಿದೆ."

ಮತ್ತೆ ಸೂರತ್

ಆರು ದಿನ ನೆರಳಿನಲ್ಲಿ ಒಣಗಿಸಿದ ಮೇಲೆ ಗುರುಗಳ ಘಟ ತನ್ನ ಶ್ರುತಿಗೆ ಮರಳಿತು. ಸೂರತ್ತಿನ ಕಛೇರಿ ಚೆನ್ನಾಗಿ ಆಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಕೂತಿದ್ದೆ. ತಾಳವಾದ್ಯಗಳ ತನಿ ಆವರ್ತನ ಮುಗಿದಾಗ ಹಿರಿಯರು ಕೈಚಾಚಿ ಘಟದ ಮೈ ಸವರಿ, "ಇದು ಅವರದ್ದೇ ಅಲ್ವೇನಯ್ಯಾ?" ಎಂದರು. ನಾನು ಹೌದೆಂದು ಘಟವನ್ನು ಅವರ ಕಡೆಗೆ ವಾಲಿಸಿದೆ.

ಆದರೆ ಅದಕ್ಕೂ ಮುಂಚೆ ನಾಕೆ ದಾಟಬೇಕಿತ್ತಲ್ಲ. ಅದೇ ಗುಮಾಸ್ತ, ಅದೇ ಮೇಜು. ನಾನು ಎದೆಯುಬ್ಬಿಸಿಕೊಂಡು ಹೋಗಿ, ಅವನು ಕೇಳುವ ಮೊದಲೇ ಕಾಗದವನ್ನು ಅವನ ಮೂಗಿನ ಮುಂದೆ ಹಿಡಿದೆ. ಅವನು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದ. ಮೊಹರು ನೋಡಿದ. 'ನೀರು ತಣ್ಣಗಾಗುವುದಿಲ್ಲ' ಎಂಬಲ್ಲಿಗೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಮತ್ತೆ ನನ್ನನ್ನು ನೋಡಿದ. ಆ ನೋಟದಲ್ಲಿ ಹೋದ ಸಲಕ್ಕಿಂತ ಹೆಚ್ಚಿನ ಮರುಕವಿತ್ತು.

"ಮೂರಕ್ಕೆ ಮೂರೂ ಹೀಗೇನಾ?"

"ಮೂರೂ ಹೀಗೇ" ಎಂದೆ ಹೆಮ್ಮೆಯಿಂದ.

"ಛೆ ಛೆ ಛೆ" ಎಂದ ಅವನು, ಕಾಗದ ಮಡಿಸಿ ಕೊಡುತ್ತಾ. "ಸರ್ಕಾರವೇ ಬರೆದುಕೊಟ್ಟಿದೆ, ಕೆಟ್ಟ ಮಾಲು ಅಂತ. ಹೋಗಿ ಭಾಯ್, ಜಕಾತಿ ಇಲ್ಲ. ಆದರೆ ಮಾರಿದವನನ್ನು ಮಾತ್ರ ಬಿಡಬೇಡಿ."